ಗುಂಡ್ಲಮಿಟ್ಟೆಯ ಮುಖ ನೋಡದ ಪೂಜಾರಪ್ಪ

ಗುಂಡ್ಲಮಿಟ್ಟೆಯ ನರಸಿಂಹಸ್ವಾಮಿ ಗುಡಿಯಲ್ಲಿ, ಊರೆಲ್ಲ ಪೂಜಾರಪ್ಪ ಎಂದು ಕರೆಯುವ ಕದಿರಪ್ಪನವರು ಮೂವತ್ತೆಂಟು ವರ್ಷ ತೀರ್ಥ ಕೊಟ್ಟರು. ಆ ಮೂವತ್ತೆಂಟು ವರ್ಷದಲ್ಲಿ ತೀರ್ಥಕ್ಕೆ ಬಂದವರ ಒಂದು ಮುಖವನ್ನಾದರೂ ತಲೆಯೆತ್ತಿ ನೋಡಿದವರಲ್ಲ. ಎಡಗೈಯಲ್ಲಿ ತಾಮ್ರದ ಬಟ್ಟಲು, ಬಲಗೈಯಲ್ಲಿ ಉದ್ಧರಣೆ, ಕಣ್ಣು ಎದುರಿಗೆ ಚಾಚಿದ ಅಂಗೈಯ ಮೇಲೆ. ಒಂದು ಕೈ ಬಂತು, ಮೂರು ಸಲ ತೀರ್ಥ ಬಿತ್ತು, ಆ ಕೈ ಹೋಯಿತು, ಮುಂದಿನ ಕೈ.

ಸಂಗತಿ ಇಷ್ಟೇ. ಆದರೆ ನಮ್ಮ ಕಡೆ ಯಾವ ಸುದ್ದಿಯೂ ಹುಟ್ಟಿದ ಗಾತ್ರದಲ್ಲಿ ಉಳಿಯುವುದಿಲ್ಲ. ಟೇಕಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದ ಸುದ್ದಿಗೆ ಮಾಲೂರಿನಲ್ಲಿ ಇಳಿಯುವಾಗ ಮೀಸೆ ಬಂದಿರುತ್ತದೆ. ಕೋಲಾರ ಮುಟ್ಟುವಷ್ಟರಲ್ಲಿ ಗಡ್ಡವೂ ಬಂದಿರುತ್ತದೆ. ಹಾಗಾಗಿ ಮಾಲೂರಿನವರು ಹೇಳುವುದೇ ಬೇರೆ: ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಗನ್‌ಮ್ಯಾನ್ ಸಮೇತ ಬಂದು ಕೈಯೊಡ್ಡಿದಾಗ, ಗನ್‌ಮ್ಯಾನು ಕಿವಿಯಲ್ಲಿ ಅವರ ಹುದ್ದೆ ಉಸುರಿದನಂತೆ. ಪೂಜಾರಪ್ಪನವರು ಕತ್ತೆತ್ತದೆ, 'ಕೈ ಇನ್ನೊಂಚೂರು ಮುಂದಕ್ಕೆ' ಎಂದರಂತೆ. ಕೋಲಾರದವರ ಪ್ರಕಾರ, ಕೊರೊನಾ ಕಾಲದಲ್ಲಿ ಹೆತ್ತ ತಾಯಿಗೇ ಮಾಸ್ಕ್ ಹಾಕಿದ ಮಗನ ಗುರುತು ಸಿಗದಿದ್ದಾಗ, ಇಡೀ ಹೋಬಳಿಯಲ್ಲಿ ಎಲ್ಲರನ್ನೂ ಸಲೀಸಾಗಿ ಗುರುತು ಹಿಡಿಯುತ್ತಿದ್ದ ಮಹಾನುಭಾವರು ಇವರೊಬ್ಬರೇ. ಮುಳಬಾಗಿಲಿನ ತಾಯಲೂರಿನ ಕಡೆ ಗಂಟೆ ಕದ್ದವನ ಕಥೆ ಓಡಾಡುತ್ತದೆ. ಗುಡಿಯ ಗಂಟೆ ಕದ್ದವನು ಮಾರನೆಯ ದಿನ ಏನೂ ಅರಿಯದವನಂತೆ ತೀರ್ಥಕ್ಕೆ ಕೈ ಒಡ್ಡಿದನಂತೆ. ಪೂಜಾರಪ್ಪನವರು ಆ ಕೈಯನ್ನೇ ನೋಡುತ್ತ, 'ತುಂಬಾ ಭಾರ ಅಲ್ವೇನಪ್ಪಾ?' ಎಂದಷ್ಟೇ ಕೇಳಿದರಂತೆ. ಬೆಳಗಾಗುವುದರೊಳಗೆ ಗಂಟೆ ಕೊಕ್ಕೆಯಲ್ಲಿತ್ತಂತೆ. ಇನ್ನು ಶ್ರೀನಿವಾಸಪುರದ ಮಾವಿನ ಮಂಡಿಯವರು ಯಾವ ಕಥೆಗೂ ಸ್ವಲ್ಪ ತೂಕ ಸೇರಿಸದೆ ಮುಂದೆ ಸಾಗಿಸುವವರಲ್ಲ: ಸುಳ್ಳುಗಾರನ ಅಂಗೈಯಲ್ಲಿ ಗುಂಡ್ಲಮಿಟ್ಟೆಯ ತೀರ್ಥ ಕೊತಕೊತ ಕುದಿಯುತ್ತದೆ ಎಂದು ಅವರ ವಾದ.

ಪೂಜಾರಪ್ಪನವರ ಹೆಂಡತಿ ಶಾಮಲಮ್ಮನ ಅಭಿಪ್ರಾಯ ಬೇರೆ. "ಈ ಮನುಷ್ಯ ನನ್ನ ಮುಖಾನೂ ಸರಿಯಾಗಿ ನೋಡಿದ್ದಿಲ್ಲ. ಮದ್ವೇಲಿ ತಾಳಿ ಕಟ್ಟೋವಾಗ ಗಂಟು ನೋಡ್ತಿದ್ರು."

ಈ ಪುರಾಣಗಳಲ್ಲಿ ಒಂದನ್ನೂ ನಂಬದವನು ಊರಿನಲ್ಲಿ ಒಬ್ಬನೇ ಇದ್ದ. ಅವನೇ ಭೀಮರಾಜ. ಒಂದನೇ ಕ್ಲಾಸಿನಿಂದ ಏಳನೆಯವರೆಗೆ ಕದಿರಪ್ಪನ ಪಕ್ಕದ ಮಣೆಯಲ್ಲಿ ಕೂತವನು, ಜೊತೆಯಲ್ಲಿ ಹಿಪ್ಪುನೇರಳೆ ಹಣ್ಣು ಕದ್ದವನು. ಅಂಥ ಒಂದು ಕಳ್ಳತನದಲ್ಲೇ ಬೇಲಿ ಹಾರಲು ಹೋಗಿ ಬಂಡೆಯ ಮೇಲೆ ಬಿದ್ದು ಬಲಗೈ ಸೀಳಿಕೊಂಡಿದ್ದ. ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಓಡಿದ ಆ ಗಾಯದ ಗುರುತು ಈಗಲೂ ಅಂಗೈ ಮೇಲಿದೆ. ಅವನು ಗುಡಿಗೆ ಹೋದಾಗಲೆಲ್ಲ ಪೂಜಾರಪ್ಪನವರು ಆ ಗುರುತು ಕಂಡೊಡನೆ, ತಲೆಯೆತ್ತದೆ, "ಏನ್ಲಾ ಭೀಮ, ಟೊಮೇಟೊ ಎಷ್ಟಕ್ಕೋಯ್ತು?" ಎನ್ನುತ್ತಿದ್ದರು. ಇದರಲ್ಲಿ ಪವಾಡವೇನಿದೆ ಎಂದು ಭೀಮರಾಜನ ಪ್ರಶ್ನೆ. ಆದರೂ ಈ ಮನುಷ್ಯ ಯಾಕೆ ಮುಖ ನೋಡುವುದಿಲ್ಲ ಎಂಬುದು ಮಾತ್ರ ಅವನಿಗೂ ಬಗೆಹರಿದಿರಲಿಲ್ಲ. ಕೇಳಲು ಬಿಗುಮಾನ.

ಕದಿರಪ್ಪನವರನ್ನು ರಾಜಕೀಯಕ್ಕೆ ಎಳೆದು ತಂದವನೂ ಇದೇ ಭೀಮರಾಜ. ಕಳೆದ ಪಂಚಾಯಿತಿ ಚುನಾವಣೆಯಲ್ಲಿ ಗುಡಿಬೀದಿಯ ಸೀಟಿಗೆ ಇಬ್ಬರು ಗಂಡುಗಲಿಗಳು ನಿಂತಿದ್ದರು. ತಾನು ಗೆಲ್ಲದಿದ್ದರೂ ಚಿಂತೆಯಿಲ್ಲ, ಅವನು ಗೆಲ್ಲಬಾರದು ಎಂಬ ಉದಾತ್ತ ಧ್ಯೇಯ ಇಬ್ಬರದೂ. ಕೊನೆಗೆ ಭೀಮರಾಜನ ಸಂಧಾನದಲ್ಲಿ ಇಬ್ಬರೂ ನಾಮಪತ್ರ ಹಿಂದಕ್ಕೆ ಪಡೆಯಲು ಒಪ್ಪಿದ್ದು, ಯಾರಿಗೂ ತೊಂದರೆ ಕೊಡದ ಪೂಜಾರಪ್ಪ ನಿಲ್ಲುವುದಾದರೆ ಎಂಬ ಷರತ್ತಿನ ಮೇಲೆ. ಕದಿರಪ್ಪನವರು ಗುಡಿಯ ಬೀಗದಕೈ ಮತ್ತು ತೀರ್ಥದ ಬಟ್ಟಲನ್ನು ತಮ್ಮನ ಮಗ ಶಿವಶಂಕರನ ಕೈಗಿಟ್ಟು ಅವಿರೋಧವಾಗಿ ಆಯ್ಕೆಯಾದರು. ಅಧ್ಯಕ್ಷರ ಆಯ್ಕೆಯಲ್ಲೂ ಆರು ಜನ ಆ ಕಡೆ, ಆರು ಜನ ಈ ಕಡೆ ಆಗಿ ಅದೇ ನಾಟಕ ನಡೆಯಿತು, ಮತ್ತೆ ಅವರೇ. ಭೀಮರಾಜ ಉಪಾಧ್ಯಕ್ಷನಾದ. 'ಮುಖಾನೇ ನೋಡದೋನು ಫೈಲ್ ನೋಡ್ತಾನಾ? ಆಡಳಿತ ನಮ್ದೇ' ಎಂದು ಟೀ ಅಂಗಡಿಯಲ್ಲಿ ಕೂತು ಮೀಸೆ ತಿರುವಿದ.

ಹೊಸ ಅಧ್ಯಕ್ಷರು ಪಂಚಾಯಿತಿ ಆಫೀಸಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಮೂರು ತಿಂಗಳಲ್ಲಿ ಎರಡು ಜೊತೆ ಕಳೆದುಹೋಯಿತು. ಆಮೇಲೆ ಬರಿಗಾಲಿನಲ್ಲೇ ಬರತೊಡಗಿದರು. ಮೀಟಿಂಗಿಗೆ ಬಂದರೆ ಮೇಜನ್ನು ಬಲಕ್ಕೇ ಸುತ್ತಿ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಎಡಗಡೆಯಿಂದ ಎರಡೇ ಹೆಜ್ಜೆ ಎಂದು ಪಿಡಿಒ ಅನಿಲ್‌ಕುಮಾರ್ ಎಷ್ಟು ಸಲ ಹೇಳಿದರೂ ಅಷ್ಟೇ. ಯಾರಾದರೂ ಅರ್ಜಿ ಕೊಟ್ಟರೆ ಹಣ್ಣುಕಾಯಿ ತಟ್ಟೆ ಇಸಿದುಕೊಂಡ ಹಾಗೆ ಎರಡೂ ಕೈಯಲ್ಲಿ ಇಸಿದುಕೊಂಡು, "ಯಾರ ಹೆಸ್ರಿಗಪ್ಪಾ? ನಕ್ಷತ್ರ?" ಎಂದು ಕೇಳಿಬಿಡುತ್ತಿದ್ದರು. ಬೀದಿದೀಪಕ್ಕೆ ಅರ್ಜಿ ತಂದ ಟ್ರ್ಯಾಕ್ಟರ್ ಚಂದ್ರು ಗಾಬರಿಯಲ್ಲಿ "ಉತ್ತರಾಭಾದ್ರ ಸಾಮಿ" ಎಂದಿದ್ದ. ಅದು ಅರ್ಜಿಯ ಮೂಲೆಯಲ್ಲಿ ಅಧ್ಯಕ್ಷರ ಅಕ್ಷರದಲ್ಲಿ ಇವತ್ತೂ ದಾಖಲಾಗಿದೆ. ದೀಪ ಮಾತ್ರ ವಾರದಲ್ಲಿ ಬಂತು.

ಇಂಥ ಅಧ್ಯಕ್ಷರಿಂದ ತನ್ನ ಆಡಳಿತಕ್ಕೆ ಕಂಟಕ ಬರುತ್ತದೆ ಎಂದು ಭೀಮರಾಜ ಕನಸಿನಲ್ಲೂ ಎಣಿಸಿರಲಿಲ್ಲ.

ಊರ ಹೊರಗೆ, ಕೆರೆಯ ಏರಿ ಮುಗಿಯುವಲ್ಲಿ ಒಂದು ಹಳೆಯ ಚಾಕಿ ಮನೆ ಇದೆ. ಮೊಟ್ಟೆಯೊಡೆದು ಬಂದ ರೇಷ್ಮೆಹುಳುಗಳನ್ನು ಮೊದಲ ಹತ್ತು ದಿನ ಜೋಪಾನ ಮಾಡಿ, ಗಟ್ಟಿಯಾದ ಮೇಲೆ ರೈತರಿಗೆ ಹಂಚಲು ಕಟ್ಟಿದ್ದ ಹೆಂಚಿನ ದೊಡ್ಡ ಕಟ್ಟಡ. ಹುಳು ಸಾಕುವುದು ನಿಂತು ಎಷ್ಟೋ ವರ್ಷವಾಗಿ, ಬೀಗ ಜಡಿದು ಪಂಚಾಯಿತಿ ವಶದಲ್ಲಿತ್ತು. ಅದರ ಮೇಲೆ ಭೀಮರಾಜನಿಗೆ ಬಹಳ ದಿನದ ಕಣ್ಣು. ಅದನ್ನು ಕೆಡವಿ ಅಲ್ಲೊಂದು ಸಮುದಾಯ ಭವನ ಕಟ್ಟಿಸಬೇಕು, ಅದಕ್ಕೆ ತೀರಿಹೋದ ತನ್ನ ತಂದೆಯ ಹೆಸರಿಡಬೇಕು. ಕೆಲಸ ಮಂಜೂರಾಗುವ ಮೊದಲೇ ಅವನು ಟೇಕಲ್ ಕಲ್ಲಿನ ಚಪ್ಪಡಿಯಲ್ಲಿ 'ದಿವಂಗತ ಚಿಕ್ಕವೆಂಕಟಪ್ಪ ಸ್ಮಾರಕ ಸಮುದಾಯ ಭವನ' ಎಂದು ಕೆತ್ತಿಸಿಯೂ ಆಗಿತ್ತು. ಚಪ್ಪಡಿ ಅಂಗಳದಲ್ಲಿ ಎರಡು ವರ್ಷದಿಂದ ಮಲಗಿತ್ತು. ಅವನ ಹೆಂಡತಿ ಸುನಂದ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಹಾಗಾಗಿ ಆ ಮನೆಯಲ್ಲಿ ಊಟಕ್ಕೆ ಕೂತವರಿಗೆ ಹಪ್ಪಳದ ಬೆನ್ನ ಮೇಲೆ 'ದಿವಂ' ಎಂದೋ 'ವೆಂಕ' ಎಂದೋ ಅಚ್ಚು ಕಾಣುತ್ತಿತ್ತು. ಈಗ ಹಣ ಬರುವ ಸೂಚನೆ ಸಿಕ್ಕಿತ್ತು. ಜಾಗ ಖಾಲಿ ಇದೆ ಎಂದು ಪಂಚಾಯಿತಿ ಬರೆದುಕೊಟ್ಟರೆ ಆಯಿತು.

ಅಷ್ಟರಲ್ಲಿ ಮಾಲೂರು ರಸ್ತೆಯ ಇಟ್ಟಿಗೆ ಫ್ಯಾಕ್ಟರಿಯೊಂದು ಮುಚ್ಚಿತು. ಯಜಮಾನ ಶೆಡ್ಡುಗಳ ತಗಡು ಬಿಚ್ಚಿಸಿ ಲಾರಿಗೆ ಹೇರಿಕೊಂಡು ಹೋದ. ಅದರ ಕೆಳಗಿದ್ದ ಹದಿಮೂರು ಸಂಸಾರಗಳನ್ನು ಲಾರಿಗೆ ಹೇರಿಕೊಳ್ಳಲಿಲ್ಲ. ಒಡಿಶಾದ ಕಡಲತೀರದಿಂದ ಬಂದವರು. ಏಪ್ರಿಲ್ ತಿಂಗಳ ಒಂದು ಸಂಜೆ ಆಲಿಕಲ್ಲು ಮಳೆ ಹೊಡೆಯುತ್ತಿದ್ದಾಗ ಅವರು ಪಾತ್ರೆಗಳನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಏರಿಯ ಮೇಲೆ ಬರುತ್ತಿರುವುದನ್ನು ಪೂಜಾರಪ್ಪನವರು ಕಂಡರು; ಹೋಗಿ ಚಾಕಿ ಮನೆಯ ಬೀಗ ತೆಗೆದರು.

ಮಾರನೆಯ ಬೆಳಿಗ್ಗೆ ಭೀಮರಾಜ ಬೈಕಿನ ಸ್ಟ್ಯಾಂಡು ಹಾಕುವುದಕ್ಕೂ ವ್ಯವಧಾನವಿಲ್ಲದೆ ಆಫೀಸಿಗೆ ನುಗ್ಗಿದ.

"ಲೇ ಕದಿರ, ಯಾರನ್ನ ಕೇಳಿ ಬೀಗ ತೆಗ್ದೆ?"

"ಯಾರನ್ನೂ ಕೇಳ್ಲಿಲ್ಲ ಕಣೋ. ಮಳೆ ಬರ್ತಿತ್ತು."

"ಠರಾವು ಮಾಡ್ದೆ ಪಂಚಾಯ್ತಿ ಬೀಗ ತೆಗಿಯೋ ಹಾಗಿಲ್ಲ, ಗೊತ್ತಾ ನಿಂಗೆ?"

"ಠರಾವು ಬರೆಯೋ ತನಕ ಮಕ್ಳು ನೆನೀಬೇಕಾಗಿತ್ತು. ಈಗ ಮಳೆ ನಿಂತದೆ, ಬಾ, ಬರೆಯೋಣ."

"ಅವ್ರು ಯಾರು, ಯಾವೂರು, ವಿಚಾರಿಸಿದ್ಯಾ?"

"ವಿಚಾರಿಸ್ದೆ. ಊರಿಲ್ಲ ಅಂದ್ರು. ಸಮುದ್ರ ತಿಂದಾಕ್ತಂತೆ."

"ಸಮುದ್ರ ಊರು ತಿನ್ನುತ್ತಾ? ಬುರುಡೆ ಬಿಡ್ತಾರೆ, ನೀನು ನಂಬು."

"ನಾವು ಕೋಲಾರ ಸೀಮೆಯೋರು ಕಣೋ ಭೀಮ. ನೀರಿಲ್ದೆ ಊರು ಬಿಟ್ಟೋರನ್ನ ನೋಡಿದೀವಿ. ನೀರು ಜಾಸ್ತಿಯಾಗಿ ಬಿಟ್ಟೋರನ್ನ ನೋಡಿಲ್ಲ. ಅದಕ್ಕೇ ನಿಂಗೆ ನಂಬಿಕೆ ಬರ್ತಿಲ್ಲ."

ಸಮುದ್ರದ ಸುದ್ದಿ ಸತ್ಯವೇ ಆಗಿತ್ತು. ಆ ಗುಂಪಿನಲ್ಲಿ ಸುಕಾಂತಿ ಎಂಬ ಹೆಂಗಸಿಗೆ ಆಂಧ್ರದ ಇಟ್ಟಿಗೆ ಗೂಡುಗಳಲ್ಲಿ ದುಡಿದು ತೆಲುಗು ಬರುತ್ತಿತ್ತು. ಗುಂಡ್ಲಮಿಟ್ಟೆಯ ಅರ್ಧ ಜಗಳಗಳು ನಡೆಯುವುದೇ ತೆಲುಗಿನಲ್ಲಾದ್ದರಿಂದ ಭಾಷೆ ತೊಡಕಾಗಲಿಲ್ಲ. "ಊರು ಲೇದು ಸಾಮಿ, ಗುಡಿ ಕೂಡಾ ಲೇದು" ಎಂದಿದ್ದಳು ಅವಳು: ಊರಿಲ್ಲ, ಗುಡಿಯೂ ಇಲ್ಲ. ಪೂಜಾರಪ್ಪನವರಿಗೆ ಎರಡನೆಯ ಮಾತು ತಾಗಿತು. ಗುಡಿಯೇ ಮುಳುಗಿದ ಮೇಲೆ ಅಲ್ಲಿಯ ಪೂಜಾರಿ ಎಲ್ಲಿ ಹೋದನೋ ಎಂದು ಎರಡು ದಿನ ಅದನ್ನೇ ಯೋಚಿಸುತ್ತಿದ್ದರು. ಸುಕಾಂತಿ ಆಗ ತುಂಬಿದ ಬಸುರಿ. ಮೇ ತಿಂಗಳ ಕೊನೆಗೆ ಅದೇ ಚಾಕಿ ಮನೆಯಲ್ಲಿ ಹೆಣ್ಣುಮಗು ಹೆತ್ತಳು. ಅಧ್ಯಕ್ಷರು ಆಧಾರ್ ಕೇಳಲಿಲ್ಲ. ನಕ್ಷತ್ರ ಕೇಳಿಕೊಂಡು ಬಂದರು.

ಭೀಮರಾಜ ಕೈಕಟ್ಟಿ ಕೂರುವ ಆಸಾಮಿಯಲ್ಲ. ಒಂದೊಂದೇ ದೂರನ್ನು ಊರಿನ ಬಾಯಿಗೆ ತುರುಕುತ್ತ ಬಂದ. ಕುಡಿಯುವ ನೀರಿನ ಘಟಕದ ಮುಂದೆ ಇವರ ಬಿಂದಿಗೆಗಳ ಸಾಲು. ನಮ್ಮ ಹೆಂಗಸರು ಕ್ಯಾನ್ ಹಿಡಿದು ಅರ್ಧ ಗಂಟೆ ಕಾಯಬೇಕು. ಬೋರ್‌ವೆಲ್ ನೀರು ಕುಡಿದರೆ ಹಲ್ಲು ಹಳದಿಯಾಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಮತ್ತೆ ಆ ಒಣಮೀನಿನ ವಾಸನೆ.

"ಗುಡಿ ತನಕ ಬರುತ್ತೆ ಕಣಯ್ಯಾ ವಾಸ್ನೆ!" ಎಂದ ಒಂದು ದಿನ. "ಸ್ವಾಮಿಗೆ ಮೈಲಿಗೆ ಅಲ್ವಾ?"

ಪೂಜಾರಪ್ಪನವರು ಸ್ವಲ್ಪ ಯೋಚಿಸಿದರು. "ಸ್ವಾಮಿ ನರಸಿಂಹ ಆಗೋಕ್ಮುಂಚೆ ಏನಾಗಿದ್ದ ಹೇಳು? ಮೊದಲ್ನೇ ಅವತಾರ?"

ಮತ್ಸ್ಯ ಎಂದು ಹೇಳುವುದಕ್ಕೆ ಭೀಮರಾಜನಿಗೇನು ಹುಚ್ಚೆ?

"ಆತನಿಗೆ ಹಳೇ ಪರಿಚಯದ ವಾಸ್ನೆ ಬಿಡು. ನಿನಗೇನಾದ್ರೂ ತೊಂದ್ರೆ ಆದ್ರೆ ಹೇಳು."

ವಾದದಲ್ಲಿ ಈ ಮನುಷ್ಯನನ್ನು ಹಿಡಿಯುವುದು ನೆನೆದ ಸೋಪು ಹಿಡಿದ ಹಾಗೆ ಎಂದು ಭೀಮರಾಜನಿಗೆ ಮನದಟ್ಟಾಯಿತು. ಏಟಿಗೆ ಎದುರೇಟಾದರೂ ಇರಬೇಕಲ್ಲ? ಕೂಗಾಡಿದರೆ ಕೂಗಾಡುವುದಿಲ್ಲ, ಬೈದರೆ, 'ಊಟದ ಹೊತ್ತಾಯ್ತು ನೋಡು, ಅದಕ್ಕೇ ಸಿಟ್ಟು' ಎನ್ನುತ್ತಾರೆ. ಕೊನೆಗೆ ಅವನು ಗ್ರಾಮಸಭೆ ಕರೆಸಿದ. ಜೂನ್ ಎರಡನೇ ವಾರ. ಊರೇ ಕೈಯೆತ್ತಿ ತೀರ್ಮಾನ ಮಾಡಲಿ. ತೀರ್ಮಾನವಾದರೆ ಮೂರು ದಿನದಲ್ಲಿ ಅವರು ಚಾಕಿ ಮನೆ ಬಿಡಬೇಕು. ಆಚೆ ಮುಂಗಾರು ಕೂತಿತ್ತು, ಒಳಗೆ ಹತ್ತು ದಿನದ ಕೂಸು.

ಸಭೆಗೆ ಹೋಗುವ ಮೊದಲು ಶಾಮಲಮ್ಮ ಗಂಡನಿಗೆ ರಾಗಿ ಅಂಬಲಿ ಕೊಟ್ಟು ಹೇಳಿದಳು. "ಮೈಕ್ ಮುಂದೆ ಗೊಣಗ್ಬೇಡಿ. ಜೋರಾಗಿ ಮಾತಾಡಿ. ಮಂತ್ರ ಅಲ್ಲ ಅದು."

ಶಾಲೆಯ ಮುಂದೆ, ಹೊಂಗೆ ಮರಗಳ ಕೆಳಗೆ ಶಾಮಿಯಾನ ಹಾಕಿತ್ತು. ಇನ್ನೂರು ಜನ ಸೇರಿದ್ದರು. ವೇದಿಕೆಯ ಪಕ್ಕದ ಸ್ಟೂಲಿನ ಮೇಲೆ ಊರಿನ ಆ ವಿವಾದಿತ ಫಿಲ್ಟರ್ ನೀರಿನದೇ ಒಂದು ಕ್ಯಾನು, ಒಂದು ಸ್ಟೀಲ್ ಚೊಂಬು. ಮುಂದಿನ ಸಾಲಿನ ನಡುವೆ ಭೀಮರಾಜನ ತಾಯಿ ಮುತ್ಯಾಲಮ್ಮ, ಎಂಬತ್ತು ದಾಟಿದ ಮುದುಕಿ, ಎಲೆಅಡಿಕೆ ಕುಟ್ಟುತ್ತ ಕೂತಿದ್ದಳು. ಶಾಲೆಯ ಕಾಂಪೌಂಡಿಗೆ ಒರಗಿ, ಯಾರ ದಾರಿಗೂ ಅಡ್ಡವಾಗದ ಹಾಗೆ, ಚಾಕಿ ಮನೆಯವರು ಕೂತಿದ್ದರು. ಸುಕಾಂತಿಯ ಮಡಿಲಲ್ಲಿ ಕೂಸಿತ್ತು.

ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ ಭೀಮರಾಜ ಮೈಕಿನ ಮುಂದೆ ಗುಡುಗಿದ. ನೀರು, ವಾಸನೆ, ಸಮುದಾಯ ಭವನ, ನಮ್ಮ ಮಕ್ಕಳ ಭವಿಷ್ಯ, ಎಲ್ಲವೂ ಬಂತು. ಚಪ್ಪಾಳೆಯೂ ಬಿತ್ತು. ಆಮೇಲೆ ಅಧ್ಯಕ್ಷರು ಎದ್ದು, ವೇದಿಕೆಯ ಮೇಜನ್ನು ಬಲಕ್ಕೆ ಪೂರ್ತಿ ಒಂದು ಸುತ್ತು ಸುತ್ತಿ ಬಂದು ಮೈಕಿನ ಮುಂದೆ ನಿಂತರು. ಜನರ ಕಡೆ ನೋಡಲಿಲ್ಲ. ಮೈಕನ್ನೇ ನೋಡುತ್ತ ಮಾತಾಡಿದರು.

"ಆ ಚಾಕಿ ಮನೇಲಿ ಮುಂಚೆ ಹುಳ ಸಾಕ್ತಿದ್ವಿ. ನಿಮ್ಗೆಲ್ಲಾ ಗ್ಯಾಪಕ ಇರ್ಬೇಕು. ಹುಳ ಮನೆಗೆ ಚಪ್ಲಿ ಬಿಟ್ಟು, ಕಾಲು ತೊಳ್ಕೊಂಡು ಹೋಗ್ತಿದ್ವಿ. ಜೋರಾಗಿ ಮಾತಾಡ್ತಿರ್ಲಿಲ್ಲ. ಎಳೇ ಸೊಪ್ಪು ಸಣ್ಣಗೆ ಹೆಚ್ಚಿ ಹಾಕ್ತಿದ್ವಿ. ಚಳಿ ಆದ್ರೆ ಕೆಂಡ ಇಡ್ತಿದ್ವಿ." ಮೈಕನ್ನು ಒಂಚೂರು ಪಕ್ಕಕ್ಕೆ ಸರಿಸಿದರು. ಮುಗಿಯಿತೇನೋ ಎಂದು ಅನಿಲ್‌ಕುಮಾರ್ ಪೆನ್ನು ತೆಗೆದ. "ಮೊಟ್ಟೆ ಎಲ್ಲಿಂದ ಬರ್ತಿತ್ತು? ನಮ್ಮೂರಿಂದಲ್ಲ. ಯಾವ ಊರಿನ ಹುಳ ಅಂತ ಯಾರೂ ಕೇಳ್ಲಿಲ್ಲ. ನಮ್ಮ ಮನೆಗೆ ಬಂದವೆ, ಸಾಯಬಾರ್ದು, ಅಷ್ಟೇ. ಹುಳಕ್ಕೆ ಅಷ್ಟು ಮಾಡಿದೋರು ನಾವು. ಈಗ ಅದೇ ಮನೇಲಿ ಹತ್ತು ದಿನದ ಕೂಸೈತೆ. ಅದನ್ನ ಆಚೆಗಾಕೋದು ನಂಗೆ ಸರಿ ಕಾಣಲ್ಲ. ಭವನ ನಾಳೆನೂ ಕಟ್ಬೋದು. ನಿಮಗೆ ಹೆಂಗೆ ಸರಿ ಕಾಣ್ತದೋ ಹಂಗೆ ಮಾಡಿ."

ಹೇಳಿ ಕೂತುಬಿಟ್ಟರು. ಚಪ್ಪಾಳೆ ಬೀಳಲಿಲ್ಲ. ಹೆಂಗಸರ ಕಡೆ ಯಾರೋ ಮೂಗು ಸೀಟಿದರು. ಭೀಮರಾಜನಿಗೆ ಇದು ಕಿರಿಕಿರಿ ಎನಿಸಿತು. ತಡಮಾಡಿದರೆ ಕೆಟ್ಟಿತು ಎಂದು ಪಿಡಿಒಗೆ ಕಣ್ಸನ್ನೆ ಮಾಡಿದ. ಅನಿಲ್‌ಕುಮಾರ್ ಎದ್ದು ಓದಿದ: "ಚಾಕಿ ಮನೆಯಲ್ಲಿರೋರು ಜಾಗ ಖಾಲಿ ಮಾಡ್ಬೇಕು ಅನ್ನೋರು ಕೈ ಎತ್ತಿ."

ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ರಾಗಿ ಹೊಲ ಎದ್ದು ನಿಂತ ಹಾಗೆ ಕೈಗಳು. ನೀರಿನ ಸಾಲಿನಲ್ಲಿ ಕಾದು ಬೇಸತ್ತವರ ಕೈ, ಭೀಮರಾಜನ ಹಂಗಿನವರ ಕೈ, ಪಕ್ಕದವನು ಎತ್ತಿದ ಎಂದು ಎತ್ತಿದವರ ಕೈ. ಭೀಮರಾಜ ವೇದಿಕೆಯಿಂದಲೇ ಅಂದಾಜು ಮಾಡಿದ. ನೂರಿಪ್ಪತ್ತಕ್ಕೆ ಕಡಿಮೆಯಿಲ್ಲ. ಗೆದ್ದೆ.

"ಸರಿಯಾಗಿ ಎಣಿಸ್ಬೇಕಲ್ಲಪ್ಪಾ," ಎಂದರು ಪೂಜಾರಪ್ಪನವರು ಎದ್ದು ನಿಂತು. "ಕನ್ನಡ್ಕ ಮನೇಲಿ ಬಿಟ್ಬಂದಿದೀನಿ. ಹತ್ರ ಹೋಗಿ ಎಣಿಸ್ತೀನಿ, ಇರಿ."

ಬರಿಗಾಲಿನಲ್ಲಿ ಕೆಳಗಿಳಿದರು. ಅಭ್ಯಾಸದಂತೆ ಬಲದಿಂದಲೇ ಶುರುಮಾಡಿದರು. ಮೊದಲ ಸಾಲಿನ ಮೊದಲ ಕೈ ಟ್ರ್ಯಾಕ್ಟರ್ ಚಂದ್ರುವಿನದು, ಆಕಾಶಕ್ಕೆ ನೆಟ್ಟಗೆ ನಿಂತಿತ್ತು. ಪೂಜಾರಪ್ಪನವರು ಅದರ ಮುಂದೆ ಬಂದು ನಿಂತು, ಎಂದಿನ ಹಾಗೆ ಮುಖ ಬಿಟ್ಟು ಕೈಯನ್ನಷ್ಟೇ ನೋಡಿದರು.

ಆಗ ಗುಂಡ್ಲಮಿಟ್ಟೆಯ ಚರಿತ್ರೆಯಲ್ಲಿ ಎಂದೂ ನಡೆಯದ ಆ ಘಟನೆ ನಡೆಯಿತು. ಚಂದ್ರುವಿನ ಕೈ ತಾನೇ ತಾನಾಗಿ ಕೆಳಗಿಳಿಯಿತು. ಎದೆಯ ಮಟ್ಟಕ್ಕೆ ಬಂದು ಮಡಚಿತು, ಬೆರಳುಗಳು ಒಂದಕ್ಕೊಂದು ಕೂಡಿಕೊಂಡವು, ಅಂಗೈ ಗುಳಿಯಾಯಿತು, ಎಡಗೈ ಬಂದು ಅದರ ಕೆಳಗೆ ಕೂತಿತು. ತೀರ್ಥಕ್ಕೆ ಒಡ್ಡಿದ ಕೈ. ಚಂದ್ರು ತನ್ನ ಕೈಯನ್ನು ತಾನೇ ಬೆರಗಾಗಿ ನೋಡಿದ.

ಪೂಜಾರಪ್ಪನವರು ಮುಂದಿನವರ ಬಳಿ ಹೋದರು. ಆ ಕೈಯೂ ಇಳಿಯಿತು. ಅದರ ಮುಂದಿನದೂ. ಹೆಂಗಸರ ಸಾಲಿಗೆ ಬಂದಾಗ ಅವರು ಸೆರಗನ್ನು ಅಂಗೈ ಕೆಳಗೆ ಹಿಡಿದು ಒಡ್ಡಿದರು. ಗಾಳಿಗೆ ತೆನೆ ಬಾಗಿದ ಹಾಗೆ, ಅವರು ನಡೆದಲ್ಲೆಲ್ಲ ಎತ್ತಿದ ಕೈಗಳು ಬಾಗುತ್ತ ಹೋದವು. ಹಿಂದೆ ನೋಟ್‌ಬುಕ್ ಹಿಡಿದು ಬರುತ್ತಿದ್ದ ಅನಿಲ್‌ಕುಮಾರ್ ಕಂಗಾಲಾದ.

"ಸಾರ್, ಇವನ್ನ ಎತ್ತಿದ ಕೈ ಅಂತ ಬರ್ಕೊಳ್ಳೋದೋ ಬೇಡ್ವೋ?"

"ಏಯ್! ಕೈ ಮೇಲೆತ್ರೋ!" ಭೀಮರಾಜ ಮೈಕಿನಲ್ಲಿ ಕೂಗಿದ. "ಲೇ ಚಂದ್ರು, ಏನ್ಲಾ ಅದು?"

"ಏನ್ ಮಾಡೋದಣ್ಣಾ? ಪೂಜಾರಪ್ಪ ಮುಂದೆ ಬಂದ್ರೆ ಕೈ ನನ್ಮಾತು ಕೇಳ್ತಿಲ್ಲ."

ಅಧ್ಯಕ್ಷರೂ ಸಾಲಿನ ನಡುವೆ ನಿಂತುಬಿಟ್ಟರು. ಅಷ್ಟು ಜನ ಕೈ ಒಡ್ಡಿಕೊಂಡು ಕೂತಿದ್ದಾರೆ, ತಮ್ಮ ಕೈಯಲ್ಲಿ ಬಟ್ಟಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಒಡ್ಡಿದ ಕೈಯನ್ನು ಬರಿದೇ ಕಳಿಸಿದ್ದಿಲ್ಲ. ಅಷ್ಟರಲ್ಲಿ, ಮುತ್ಯಾಲಮ್ಮ ಕುಟ್ಟಾಣಿ ಕೆಳಗಿಟ್ಟು ತನ್ನ ಸುಕ್ಕುಗಟ್ಟಿದ ಕೈಯನ್ನೂ ಮುಂದೆ ಚಾಚಿದಳು. ಅವಳು ಕೈ ಎತ್ತಿದವಳೂ ಅಲ್ಲ.

"ಏಮಯ್ಯಾ ಪೂಜಾರಿ, ಕೈ ಒಡ್ಡಿದ್ಮೇಲೆ ಬರಿಗೈಲಿ ಕಳಿಸ್ತೀಯಾ? ಅಪಚಾರ ಅಲ್ವಾ? ಅಕೋ ನೀಳ್ಳು ಅಲ್ಲೈತೆ, ಪೊಯ್ಯಿ."

ಪೂಜಾರಪ್ಪನವರು ಸ್ಟೂಲಿನ ಬಳಿ ಹೋಗಿ ಚೊಂಬಿಗೆ ನೀರು ಹಿಡಿದು ತಂದರು. ಮುದುಕಿಯ ಅಂಗೈಗೆ ಒಂದು ಗುಟುಕು ಬಿಟ್ಟರು. ಅವಳು ಕುಡಿದು, ಒದ್ದೆ ಕೈಯನ್ನು ನೆತ್ತಿಗೆ ಸವರಿಕೊಂಡಳು. ಅಲ್ಲಿಗೆ ಮುಗಿಯಿತು. ಫಿಲ್ಟರ್ ಘಟಕದ ನೀರು ಸಾಲಿನುದ್ದಕ್ಕೂ ಅಂಗೈಯಿಂದ ಬಾಯಿಗೆ, ಬಾಯಿಂದ ನೆತ್ತಿಗೆ ಏರುತ್ತ ಹೋಯಿತು. ಒಬ್ಬರೂ ನಗಲಿಲ್ಲ. ನಗಬೇಕೆಂದು ಹೊಳೆಯುವುದರೊಳಗೆ ತಲೆ ಒದ್ದೆಯಾಗಿರುತ್ತಿತ್ತು.

ಭೀಮರಾಜ ವೇದಿಕೆಯಿಂದ ಧುಮುಕಿ ಸಾಲಿನ ಕೊನೆಯಲ್ಲಿ ಬಂದು ನಿಂತ. ಕೈ ಎತ್ತುವುದು ಹೇಗೆಂದು ಈ ದನಗಳಿಗೆ ತೋರಿಸಿಕೊಡಬೇಕೆಂದು, ಬಲಗೈಯನ್ನು ಭುಜ ನೋಯುವಷ್ಟು ಮೇಲೆತ್ತಿ ಹಿಡಿದ. ಹಲ್ಲು ಕಚ್ಚಿದ. ಪೂಜಾರಪ್ಪನವರು ಬರುತ್ತಿದ್ದರು. ಇನ್ನು ಮೂರು ಜನ. ಎರಡು. ಒಂದು. ಬೇಡ, ಬೇಡ ಎಂದು ಮನಸ್ಸು ಕೂಗುತ್ತಿದ್ದಂತೆಯೇ ಆ ಕೈ, ಅವನ ಸ್ವಂತ ಕೈ, ಹೆತ್ತ ತಾಯಿಯ ಮುಂದೆ, ಇನ್ನೂರು ಜನರ ಮುಂದೆ, ಮೆಲ್ಲನೆ ಇಳಿದು ಗುಳಿಯಾಯಿತು. ಗಾಯದ ಗುರುತು ಕಾಲುವೆಯ ಹಾಗೆ ಅದರ ನಡುವೆ.

ಆ ಗುರುತು ಕಂಡು ಪೂಜಾರಪ್ಪನವರ ಚೊಂಬು ನಿಂತಿತು. ಅವರು ತಲೆ ಎತ್ತಿದರು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ, ಕೈ ಒಡ್ಡಿ ನಿಂತವನ ಮುಖವನ್ನು ನೇರವಾಗಿ ನೋಡಿದರು.

ನೀರು ದಬಕ್ಕನೆ ಭೀಮರಾಜನ ಇಸ್ತ್ರಿ ಷರಟಿನ ಮೇಲೆ ಬಿತ್ತು.

"ಭೀಮ," ಎಂದರು, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ. "ನೀರು ಈಸ್ಕೊಂಡ ಕೈಲಿ ಅವ್ರನ್ನ ಹೋಗಿ ಅಂತ ಹೆಂಗೋ ಹೇಳೋದು? ನಂಗೆ ಬರಲ್ಲ ಅದು. ನಿಂಗೆ ಬರ್ತದಾ?"

ಕೆಣಕುವ ಮಾತಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ಭೀಮರಾಜ ಅಂಗೈಯಲ್ಲಿ ಉಳಿದಿದ್ದಷ್ಟನ್ನು ಕುಡಿದ. ಉಳಿದ ಪಸೆಯನ್ನು ಏನು ಮಾಡುವುದೆಂದು ತಿಳಿಯದೆ ನೆತ್ತಿಗೆ ಸವರಿಕೊಂಡ.

ಪೂಜಾರಪ್ಪನವರು ಅಲ್ಲಿಗೆ ನಿಲ್ಲಿಸಲಿಲ್ಲ. ಸಾಲು ಇನ್ನೂ ಇತ್ತಲ್ಲ? ಕಾಂಪೌಂಡಿನ ಬುಡದಲ್ಲಿ ಕೂತವರೂ, ಏನೋ ಹಂಚುತ್ತಿದ್ದಾರೆಂದು, ಊರಿನವರನ್ನು ನೋಡಿ ಹಾಗೇ ಕೈ ಒಡ್ಡಿಕೊಂಡಿದ್ದರು. ಕೈಗಳನ್ನಷ್ಟೇ ನೋಡುತ್ತ ಬಂದವರಿಗೆ ಊರು ಎಲ್ಲಿ ಮುಗಿದು ಪರವೂರು ಎಲ್ಲಿ ಶುರುವಾಯಿತೆಂದು ತಿಳಿದಂತೆ ಕಾಣಲಿಲ್ಲ. ಕೊಡುತ್ತ ಹೋದರು. ಸುಕಾಂತಿ ತಾನು ಕುಡಿದು, ಬೆರಳ ತುದಿಯಿಂದ ಕೂಸಿನ ನೆತ್ತಿ ತಾಗಿಸಿದಳು. ಅದು ಸೀನಿತು.

ಅನಿಲ್‌ಕುಮಾರ್ ಇನ್ನೊಂದು ಸಲ ಕೇಳಿದ: "ಖಾಲಿ ಮಾಡ್ಬೇಕು ಅನ್ನೋರು ಕೈ ಎತ್ತಿ." ಎಲ್ಲರೂ ಒದ್ದೆ ಕೈಯನ್ನು ಪಂಚೆಗೆ, ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಸಭೆ ಭೀಮರಾಜನ ಕಡೆ ನೋಡಿತು. ಭೀಮರಾಜ ತನ್ನ ಷರಟಿನ ಕಡೆ ನೋಡಿಕೊಂಡ. 'ಕೈ ಎತ್ತಿದವರು: ಯಾರೂ ಇಲ್ಲ' ಎಂದು ಬರೆದು ಪಿಡಿಒ ಸಹಿ ಮಾಡಿದ. ಮಳೆಗಾಲ ಮುಗಿದು ಬೇರೆ ಕಡೆ ಕೆಲಸ ಸಿಗುವ ತನಕ ಚಾಕಿ ಮನೆ ಅವರದು. ನೀರಿನ ಘಟಕಕ್ಕೆ ಎರಡನೇ ನಲ್ಲಿ ಹಾಕಿಸುವುದು ಎಂದೂ ಠರಾವಾಯಿತು. ಎರಡನೇ ನಲ್ಲಿಯ ಮಾತು ತೆಗೆದವಳು ಸುನಂದ. ಗಂಡನ ಅಪ್ಪಣೆ ಕೇಳಲಿಲ್ಲ. ಹಪ್ಪಳಕ್ಕೂ ಕಲ್ಲು ಸದ್ಯಕ್ಕೆ ಉಳಿಯಿತಲ್ಲ.

ಅಂದು ಮಧ್ಯಾಹ್ನದ ರೈಲಿಗೇ ಸುದ್ದಿ ಹತ್ತಿತು. ಮಾಲೂರಿನಲ್ಲಿ, ಪೂಜಾರಪ್ಪ ಮುಟ್ಟಿದೊಡನೆ ಫಿ‌ಲ್ಟರ್ ನೀರು ತೀರ್ಥವಾಯಿತು ಎಂದರು. ಶ್ರೀನಿವಾಸಪುರದವರು, ಭೀಮರಾಜನ ಅಂಗೈಯಲ್ಲಿ ಅದು ಕುದ್ದು ಉಕ್ಕಿ ಷರಟಿಗೆ ಹಾರಿತು, ಬೊಬ್ಬೆ ನೋಡಿದವರಿದ್ದಾರೆ ಎಂದರು.

ಬೊಬ್ಬೆಯಿಲ್ಲದ ಭೀಮರಾಜ ಆ ಹೊತ್ತಿನಲ್ಲಿ ಪೂಜಾರಪ್ಪನವರ ಮನೆಯ ಜಗುಲಿಯ ಮೇಲೆ ಬನಿಯನ್ನಿನಲ್ಲಿ ಕೂತಿದ್ದ. ಷರಟು ಬಿಸಿಲಿಗೆ ಒಣಗುತ್ತಿತ್ತು. ಶಾಮಲಮ್ಮ ಮಜ್ಜಿಗೆ ತಂದುಕೊಟ್ಟು, "ಲೋಟ ಸರಿಯಾಗಿ ಹಿಡ್ಕೊಳ್ಳಿ, ಅವ್ರು ಪಕ್ದಲ್ಲೇ ಅವ್ರೆ" ಎಂದು ಒಳಗೆ ಹೋದಳು.

ಭೀಮರಾಜ ಅರ್ಧ ಲೋಟ ಖಾಲಿ ಮಾಡಿದ. ಆಮೇಲೆ ಬಿಗುಮಾನ ಬಿಟ್ಟ.

"ಲೇ ಕದಿರ, ಒಂದ್ಮಾತು ಕೇಳ್ತೀನಿ, ನಿಜ ಹೇಳು. ಇಷ್ಟು ವರ್ಷ ಯಾರ ಮುಖಾನೂ ನೋಡ್ದೆ ತೀರ್ಥ ಕೊಟ್ಯಲ್ಲ. ನಾಲ್ಕು ತಾಲೂಕು ಅದನ್ನೇ ಮಾತಾಡ್ತದೆ. ಮುಖ ನೋಡಿದ್ರೆ ಇವ್ನು ದೊಡ್ಡೋನು ಇವ್ನು ಚಿಕ್ಕೋನು, ಇವ್ನು ನಮ್ಮೋನು ಇವ್ನು ಹೊರಗಿನೋನು ಅಂತ ಭೇದ ಬರ್ತದೆ, ಅದಕ್ಕೇ ತಾನೇ? ಎಲ್ಲಾ ಕೈಯಲ್ಲೂ ಸ್ವಾಮೀನೇ ಕಾಣ್ತಾನೆ, ಅದಕ್ಕೇ ತಾನೇ? ಇವತ್ತು ನಂಗೆ ಅರ್ಥ ಆಯ್ತು ಕಣೋ."

ಪೂಜಾರಪ್ಪನವರು ಗೆಳೆಯನ ಕಡೆ ತಿರುಗಿ, ಆಮೇಲೆ ಹಗ್ಗದ ಮೇಲಿನ ಷರಟಿನ ಕಡೆ ನೋಡಿದರು.

"ಮುಖ ನೋಡಿದ್ರೆ ಚೆಲ್ತದೆ ಕಣೋ," ಎಂದರು. "ನೋಡಿದ್ಯಲ್ಲ, ಚೆಲ್ತು."